ಐದು ನಿಮಿಷದ ಕಥೆ, ಐವತ್ತು ವರ್ಷದ ಆಯುಷ್ಯ

1942ರ ಜೂನ್ 4ರ ಬೆಳಿಗ್ಗೆ ಹತ್ತೂ ಇಪ್ಪತ್ತರವರೆಗೆ ಪೆಸಿಫಿಕ್‌ನ ಮಿಡ್‌ವೇ ದ್ವೀಪದ ವಾಯವ್ಯಕ್ಕೆ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳೂ ಸುರಕ್ಷಿತವಾಗಿದ್ದವು. ಹತ್ತೂವರೆಗೆ ಅಕಾಗಿ, ಕಾಗಾ, ಸೋರ್ಯು ಮೂರೂ ಹೊತ್ತಿ ಉರಿಯುತ್ತಿದ್ದವು. ನಾಲ್ಕನೆಯದಾದ ಹಿರ್ಯು ಅಮೆರಿಕದ ಯಾರ್ಕ್‌ಟೌನ್ ಮೇಲೆ ಎರಡು ಸಲ ದಾಳಿ ಮಾಡಿಸಿ, ಸಂಜೆಗೆ ತಾನೂ ಬೆಂಕಿಗೆ ಬಿತ್ತು. ಇಷ್ಟರ ಬಗ್ಗೆ ಯಾರದೂ ತಕರಾರಿಲ್ಲ. ಹೀಗೇಕಾಯಿತು ಎಂದು ಕೇಳಿದರೆ ಮಾತ್ರ ಎಂಬತ್ತು ವರ್ಷಗಳಲ್ಲಿ ಉತ್ತರ ಹಲವು ಸಲ ಬದಲಾಗಿದೆ.

ಮೊದಲ ಉತ್ತರ ಕೊಟ್ಟವು ಪತ್ರಿಕೆಗಳು. ಎತ್ತರದಿಂದ ಬಾಂಬು ಸುರಿದ ಬಿ-17 ವಿಮಾನಗಳೇ ಯುದ್ಧ ಗೆದ್ದವೆಂದು ಅವು ಬರೆದವು. ಚಲಿಸುತ್ತಿದ್ದ ಒಂದು ಹಡಗಿಗೂ ಆ ಬಾಂಬುಗಳು ತಾಗಿರಲಿಲ್ಲ. ಸಿನಿಮಾ ನಿರ್ದೇಶಕ ಜಾನ್ ಫೋರ್ಡ್ ದ್ವೀಪದಲ್ಲೇ ನಿಂತು ದಾಳಿಯನ್ನು ಚಿತ್ರೀಕರಿಸಿ, ಗಾಯಗೊಂಡು, ಅದರಿಂದ ಮಾಡಿದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪಡೆದರು. ಸ್ಯಾಮ್ಯುಯೆಲ್ ಎಲಿಯಟ್ ಮಾರಿಸನ್ 1949ರಲ್ಲಿ ನೌಕಾಪಡೆಯ ಪರವಾಗಿ ಬರೆದ ಇತಿಹಾಸ ಗಟ್ಟಿ ಕೆಲಸ. ಆದರೆ ಅದರ ಬೆನ್ನೆಲುಬು ಅಮೆರಿಕದ ಕಡತಗಳು. ಜಪಾನಿನ ಹಡಗಿನೊಳಗೆ ಏನು ನಡೆಯಿತೆಂದು ಹೇಳುವವರು ಬೇಕಾಗಿದ್ದರು.

ಆ ಕೊರತೆ ತುಂಬಿದವರು ಮಿತ್ಸುವೊ ಫುಚಿದಾ. ಪರ್ಲ್ ಹಾರ್ಬರ್ ದಾಳಿಯ ಮುಂದಾಳಾಗಿದ್ದ ಇವರು ಮಿಡ್‌ವೇ ದಿನ ಅಪೆಂಡಿಸೈಟಿಸ್‌ನಿಂದಾಗಿ ಹಾರಲಾಗದೆ ಅಕಾಗಿಯಲ್ಲೇ ಉಳಿದಿದ್ದರು. ಮಸತಾಕೆ ಒಕುಮಿಯಾ ಜೊತೆ ಬರೆದ ಅವರ ಪುಸ್ತಕ 1951ರಲ್ಲಿ ಬಂತು, 1955ರಲ್ಲಿ ಇಂಗ್ಲಿಷಾಯಿತು. ಡೆಕ್ ಮೇಲೆ ದಾಳಿ ವಿಮಾನಗಳು ಸಾಲಾಗಿ ನಿಂತಿದ್ದವು, ಎಂಜಿನ್‌ಗಳು ಮೊರೆಯುತ್ತಿದ್ದವು, ಇನ್ನೈದು ನಿಮಿಷ ಸಿಕ್ಕಿದ್ದರೆ ಎಲ್ಲವೂ ಮೇಲೇರುತ್ತಿದ್ದವು ಎಂಬುದು ಅವರ ಕಥೆ. ಸೋತವರಿಗೆ ಇದು ಗ್ರಹಚಾರ, ಗೆದ್ದವರಿಗೆ ಪವಾಡ, ಇಬ್ಬರಿಗೂ ಒಪ್ಪಿಗೆಯಾಯಿತು. 1967ರಲ್ಲಿ ವಾಲ್ಟರ್ ಲಾರ್ಡ್ ಪುಸ್ತಕದ ಹೆಸರಲ್ಲೇ ಈ ಗೆಲುವನ್ನು ನಂಬಲಸಾಧ್ಯವೆಂದರು, 1982ರಲ್ಲಿ ಗೋರ್ಡನ್ ಪ್ರೇಂಜ್ ಅವರ ಪುಸ್ತಕ ಪವಾಡವೆಂದೇ ಕರೆಯಿತು.

ಪವಾಡದ ಬಣ್ಣ ಮೊದಲು ಮಾಸಿದ್ದು ಗೂಢಲಿಪಿಯ ಕಡತಗಳು ತೆರೆದಾಗ. ಪರ್ಲ್ ಹಾರ್ಬರ್‌ನ ನೆಲಮಾಳಿಗೆಯಲ್ಲಿ ಜೋಸೆಫ್ ರೋಶ್‌ಫೋರ್ಟ್ ತಂಡ ಜಪಾನಿ ಸಂದೇಶಗಳನ್ನು ಒಡೆಯುತ್ತಿತ್ತು. 'ಎಎಫ್' ಎಂಬ ಗುರಿ ಮಿಡ್‌ವೇಯೇ ಎಂದು ಖಚಿತಪಡಿಸಿಕೊಳ್ಳಲು, ದ್ವೀಪದಲ್ಲಿ ಕುಡಿಯುವ ನೀರಿಗೆ ತತ್ವಾರವೆಂದು ಬೇಕೆಂದೇ ಬಹಿರಂಗವಾಗಿ ರೇಡಿಯೊ ಮಾಡಿಸಿದರು; ಎಎಫ್‌ನಲ್ಲಿ ನೀರಿಲ್ಲವೆಂದು ಜಪಾನೀಯರು ತಮ್ಮವರಿಗೆ ತಿಳಿಸಿ ಸಿಕ್ಕಿಬಿದ್ದರು. ರೋಶ್‌ಫೋರ್ಟ್‌ಗೆ ಇದಕ್ಕೆ ಪದಕ ಸಂದದ್ದು 1986ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷವಾದ ಮೇಲೆ.

ಐದು ನಿಮಿಷದ ಕಥೆ ಮಾತ್ರ ಅಲುಗಾಡಲಿಲ್ಲ. ಅದನ್ನು ಕೆಡವಿದ್ದು 2005ರಲ್ಲಿ ಜೊನಾಥನ್ ಪಾರ್ಶಲ್ ಮತ್ತು ಆಂಥೊನಿ ಟಲಿ. ಅವರು ನೋಡಿದ್ದು ವೀರಗಾಥೆಯನ್ನಲ್ಲ, ಒಂದೊಂದು ನೌಕೆಯ ವಿಮಾನ ಎಷ್ಟು ಹೊತ್ತಿಗೆ ಏರಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬ ಒಣ ದಾಖಲೆಗಳನ್ನು. ಜಪಾನಿ ನೌಕೆಗಳಲ್ಲಿ ಟಾರ್ಪಿಡೊ ಕಟ್ಟುತ್ತಿದ್ದದ್ದು, ಇಂಧನ ತುಂಬುತ್ತಿದ್ದದ್ದು ಡೆಕ್ ಕೆಳಗಿನ ಮುಚ್ಚಿದ ಹ್ಯಾಂಗರ್‌ನಲ್ಲಿ. ಅಲ್ಲಿಂದ ಲಿಫ್ಟ್‌ನಲ್ಲಿ ಮೇಲೆ ತಂದು, ಸಾಲು ಮಾಡಿ, ಎಂಜಿನ್ ಕಾಯಿಸಲು ಮುಕ್ಕಾಲು ಗಂಟೆ ಬೇಕು. ಅಷ್ಟೂ ಹೊತ್ತು ಡೆಕ್ ಖಾಲಿ ಸಿಗಬೇಕು. ಆದರೆ ಕಾವಲಿನ ಝೀರೊ ಫೈಟರ್‌ಗಳು ಹತ್ತು ಗಂಟೆ ದಾಟಿದರೂ ಇಳಿಯುತ್ತ ಏರುತ್ತಲೇ ಇದ್ದವು. ಹೀಗಾಗಿ ದಾಳಿ ವಿಮಾನಗಳು ಕೆಳಗೇ ಉಳಿದವು, ಬಾಂಬು ಟಾರ್ಪಿಡೊಗಳ ನಡುವೆ. ಅಕಾಗಿಗೆ ನೇರವಾಗಿ ಬಿದ್ದದ್ದು ಒಂದೇ ಬಾಂಬಾದರೂ ನೌಕೆ ಉಳಿಯದೆ ಹೋದದ್ದಕ್ಕೆ ಕಾರಣ ಇಲ್ಲಿದೆ.

ಈ ವಾದದಿಂದ ಟಾರ್ಪಿಡೊ ಪೈಲಟ್‌ಗಳ ಬಲಿದಾನಕ್ಕೂ ಬೇರೆ ಅರ್ಥ ಬಂತು. ಅಮೆರಿಕದ ಹಾರ್ನೆಟ್ ನೌಕೆಯ ಎಂಟನೇ ಟಾರ್ಪಿಡೊ ದಳದ 15 ವಿಮಾನಗಳೂ ಬಿದ್ದು, ಬದುಕಿದವರು ಜಾರ್ಜ್ ಗೇ ಒಬ್ಬರೇ. ಈ ದಳದವರು ಝೀರೊಗಳನ್ನು ಕೆಳಕ್ಕೆಳೆದು, ಜಪಾನಿನ ನೌಕೆಗಳಿಗೆ ಬಾಂಬು ಹಾಕಿದ ಡೈವ್ ಬಾಂಬರ್‌ಗಳಿಗೆ ದಾರಿ ಮಾಡಿಕೊಟ್ಟರು ಎಂದೇ ಓದುತ್ತಿದ್ದೆವು. ಅವರ ದಾಳಿ ನಡೆದದ್ದು ಒಂದು ಗಂಟೆ ಮೊದಲು; ಅಷ್ಟರಲ್ಲಿ ಝೀರೊಗಳು ಮತ್ತೆ ಮೇಲೇರಬಹುದಿತ್ತು. ಅವರು ಕಸಿದುಕೊಂಡದ್ದು ಶತ್ರುವಿನ ಡೆಕ್ ಸಮಯವನ್ನು.

ಮುಜುಗರದ ಸಂಗತಿ ಬೇರೆಯಿದೆ. ವಿಮಾನಗಳು ಹ್ಯಾಂಗರ್‌ನಲ್ಲೇ ಇದ್ದವೆಂದು ಜಪಾನಿನ ಅಧಿಕೃತ ಯುದ್ಧೇತಿಹಾಸ 1971ರಲ್ಲೇ ಹೇಳಿತ್ತು. ಇಂಗ್ಲಿಷ್‌ನಲ್ಲಿ ಬರೆಯುವ ಇತಿಹಾಸಕಾರರಿಗೆ ಅದು ತಲುಪಲು ಮೂರು ದಶಕಕ್ಕೂ ಹೆಚ್ಚು ಹಿಡಿಯಿತು.

ಇಂಥದೇ ಇನ್ನೊಂದು ಕಥೆಯೂ ಇದೆ. ಮಿಡ್‌ವೇ ಕದನದ ದಿನವೇ ಉತ್ತರದ ಅಲೂಷಿಯನ್ ದ್ವೀಪಗಳ ದಾಳಿಗೆ ಹೋಗಿದ್ದ ಒಂದು ಝೀರೊ ಅಕುಟಾನ್ ದ್ವೀಪದ ಜೌಗಿನಲ್ಲಿ ತಲೆಕೆಳಗಾಯಿತು. ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕ ಆ ವಿಮಾನ ನೋಡಿಯೇ ಅಮೆರಿಕ ಹೆಲ್‌ಕ್ಯಾಟ್ ಫೈಟರ್ ರೂಪಿಸಿತೆಂಬ ಮಾತು ಇಂದಿಗೂ ಓಡಾಡುತ್ತಿದೆ. ಹೆಲ್‌ಕ್ಯಾಟ್‌ನ ಮೊದಲ ಮಾದರಿ ಹಾರಿದ್ದು ಜೂನ್ ಕೊನೆಯಲ್ಲಿ, ಆ ಝೀರೊ ಕಣ್ಣಿಗೆ ಬಿದ್ದದ್ದು ಜುಲೈನಲ್ಲಿ.

ಈ ಕ್ಷೇತ್ರದಲ್ಲಿ ನನಗೆ ಹೆಚ್ಚು ಗೌರವವಿರುವುದು ಹಿಸಾಯೆ ಸವಾಚಿ ಅವರ ಕೆಲಸದ ಮೇಲೆ. ಸೇನಾ ತಂತ್ರದ ಚರ್ಚೆಯನ್ನು ಬದಿಗಿಟ್ಟು, 1980ರ ದಶಕದಲ್ಲಿ ಈ ಲೇಖಕಿ ಎರಡೂ ಕಡೆ ಸತ್ತವರ ಹೆಸರು, ಊರು, ಮನೆಯವರನ್ನು ಹುಡುಕಿದರು. ಜಪಾನೀಯರೇ 3,057 ಮಂದಿ.

ಈಗ ಸಾಕ್ಷಿ ಹೇಳುತ್ತಿರುವುದು ಸಮುದ್ರದ ತಳ. ಯಾರ್ಕ್‌ಟೌನ್ 1998ರಲ್ಲಿ, ಕಾಗಾ ಮತ್ತು ಅಕಾಗಿ 2019ರಲ್ಲಿ, ಮೂರೂ ಐದು ಕಿ.ಮೀ.ಗಿಂತ ಆಳದಲ್ಲಿ ಪತ್ತೆಯಾದವು. 2025ರ ಏಪ್ರಿಲ್‌ನಲ್ಲಿ ಯಾರ್ಕ್‌ಟೌನ್‌ನ ಹ್ಯಾಂಗರ್‌ನೊಳಗೆ ಇಳಿದ ಕ್ಯಾಮೆರಾಕ್ಕೆ ಒಂದು ಕಾರು ಕಂಡಿತು, 1940-41ರ ಫೋರ್ಡ್ ಇರಬಹುದೆಂದು ಅಂದಾಜು. ವಾಲುತ್ತಿದ್ದ ಹಡಗಿನ ಭಾರ ಇಳಿಸಲು ಫಿರಂಗಿಗಳನ್ನೂ ವಿಮಾನಗಳನ್ನೂ ನೀರಿಗೆ ತಳ್ಳಿದವರು ಕಾರನ್ನೇಕೆ ಬಿಟ್ಟರು, ಅದು ಹಡಗಿನಲ್ಲಿದ್ದ ಅಡ್ಮಿರಲ್ ಫ್ಲೆಚರ್ ಅವರದೋ ಕ್ಯಾಪ್ಟನ್ ಬಕ್‌ಮಾಸ್ಟರ್ ಅವರದೋ ಎಂಬ ಚರ್ಚೆ ಆಗಲೇ ಶುರುವಾಗಿದೆ.