ಇಸ್ಲಾಮಿಕ್ ಅರ್ಥಶಾಸ್ತ್ರ: ವಿಶ್ವವಿದ್ಯಾಲಯದ ವಿಷಯವಾಗಿ ಬೆಳೆದ ಬಗೆ

ಬಡ್ಡಿಯ ನಿಷೇಧ, ಜಕಾತ್ (ಕಡ್ಡಾಯ ದಾನ), ಆಸ್ತಿ ಹಂಚಿಕೆ ಮುಂತಾದ ಇಸ್ಲಾಮಿನ ವಿಧಿಗಳನ್ನು ಆಧಾರವಾಗಿಟ್ಟುಕೊಂಡು ಆರ್ಥಿಕ ಬದುಕನ್ನು ವಿವೇಚಿಸುವ ಅಧ್ಯಯನ ಶಾಖೆ. ಭೂಕಂದಾಯದ ಬಗ್ಗೆ 8ನೆಯ ಶತಮಾನದಲ್ಲಿ ಅಬೂ ಯೂಸುಫ್, ದುಡಿಮೆ ಮತ್ತು ಬೆಲೆಗಳ ಬಗ್ಗೆ 14ನೆಯ ಶತಮಾನದಲ್ಲಿ ಇಬ್ನ್ ಖಲ್ದೂನ್ ಬರೆದಿದ್ದುಂಟು. ಆದರೆ ಇದೊಂದು ಬೇರೆಯೇ ಶಾಸ್ತ್ರ ಎಂಬ ಮಾತು ಹುಟ್ಟಿದ್ದು 20ನೆಯ ಶತಮಾನದಲ್ಲಿ. ಅದೂ ಅರಬ್ ನಾಡಿನಲ್ಲಿ ಅಲ್ಲ, ಹೆಚ್ಚಾಗಿ ಭಾರತದಲ್ಲಿ.

1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಪಾಠ ಹೇಳುತ್ತಿತ್ತು. ಇಲ್ಲಿನ ಮುಹಮ್ಮದ್ ಹಮೀದುಲ್ಲಾ 1936ರಲ್ಲಿ 'ಇಸ್ಲಾಮಿಕ್ ಕಲ್ಚರ್' ಪತ್ರಿಕೆಯಲ್ಲಿ ಆರ್ಥಿಕ ಸಮಸ್ಯೆಗಳಿಗೆ ಇಸ್ಲಾಮಿನ ಪರಿಹಾರವನ್ನು ಚರ್ಚಿಸಿದರು. ಮುಂದಿನ ದಶಕದಲ್ಲಿ ಧರ್ಮಶಾಸ್ತ್ರ ವಿಭಾಗದ ಮನಾಜಿರ್ ಅಹ್ಸನ್ ಗೀಲಾನಿ 'ಇಸ್ಲಾಮೀ ಮಆಶಿಯಾತ್' ಬರೆದರೆ, ಅರ್ಥಶಾಸ್ತ್ರ ವಿಭಾಗದ ಅನ್ವರ್ ಇಕ್ಬಾಲ್ ಖುರೇಷಿ ಬಡ್ಡಿಯ ಸಿದ್ಧಾಂತವನ್ನೇ ಪ್ರಶ್ನಿಸಿದರು. ಔರಂಗಾಬಾದಿನಲ್ಲಿ ಹುಟ್ಟಿದ ಧಾರ್ಮಿಕ ಚಿಂತಕ ಮೌದೂದಿ 1941ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಮೇಲೆ ಉಪನ್ಯಾಸ ಕೊಟ್ಟರು. ಬಂಡವಾಳಶಾಹಿಯೂ ಬೇಡ, ಕಮ್ಯುನಿಸಮ್ಮೂ ಬೇಡ ಎಂಬ ರಾಜಕೀಯ ಹಂಬಲ ಈ ಬರಹಗಳಲ್ಲಿ ಎದ್ದು ಕಾಣುತ್ತದೆ. 1961ರಲ್ಲಿ ಇರಾಕಿನ ಬಾಕಿರ್ ಅಲ್-ಸದ್ರ್ ಪ್ರಕಟಿಸಿದ 'ಇಕ್ತಿಸಾದುನಾ' ಕೂಡ ಇದೇ ಸಾಲಿನದು.

ವಿಷಯವೇನೋ ಹುಟ್ಟಿತು, ಅದಕ್ಕೆ ವಿಭಾಗ ಯಾವುದು? ಅಲಿಗಢದ ನಜಾತುಲ್ಲಾ ಸಿದ್ದೀಕಿ (1931–2022) ಅರ್ಥಶಾಸ್ತ್ರ ವಿಭಾಗದಲ್ಲೂ ಪಾಠ ಮಾಡಿದರು, ಇಸ್ಲಾಮಿಕ್ ಅಧ್ಯಯನದಲ್ಲೂ ಪ್ರಾಧ್ಯಾಪಕರಾಗಿದ್ದರು. ಎರಡು ಮನೆಯ ನೆಂಟ ಎನ್ನಬೇಕು.

ನೆಲೆ ಸಿಕ್ಕಿದ್ದು 1973ರ ತೈಲಬೆಲೆ ಏರಿಕೆಯಿಂದ ಅರಬ್ ದೇಶಗಳಿಗೆ ಹಣ ಹರಿದುಬಂದ ನಂತರ. ಜೆಡ್ಡಾದ ಕಿಂಗ್ ಅಬ್ದುಲ್ ಅಜೀಜ್ ವಿಶ್ವವಿದ್ಯಾಲಯ 1976ರ ಫೆಬ್ರವರಿಯಲ್ಲಿ ಮೆಕ್ಕಾದಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಧರ್ಮಪಂಡಿತರಾದ ಉಲೇಮಾಗಳೂ ಅರ್ಥಶಾಸ್ತ್ರಜ್ಞರೂ ಒಂದೇ ವೇದಿಕೆಯಲ್ಲಿ ಕೂತರು. ಅದಕ್ಕಾಗಿ ಸಿದ್ದೀಕಿ ಸಿದ್ಧಪಡಿಸಿದ ಸಮೀಕ್ಷೆಯಲ್ಲಿ ಅರಬ್ಬಿ, ಉರ್ದು, ಇಂಗ್ಲಿಷಿನ ಸುಮಾರು 700 ಬರಹಗಳ ಪಟ್ಟಿ ಇತ್ತು. ಮರುವರ್ಷ ಜೆಡ್ಡಾದಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಸಿದ್ದೀಕಿ ಅಲ್ಲಿಗೆ ಹೋದರು. 1983ರಲ್ಲಿ ಇಸ್ಲಾಮಾಬಾದಿನಲ್ಲಿ ಇದಕ್ಕೆಂದೇ ಒಂದು ಸಂಸ್ಥೆ, ಮಲೇಷ್ಯಾದಲ್ಲಿ ಅಂತರರಾಷ್ಟ್ರೀಯ ಇಸ್ಲಾಮಿಕ್ ವಿಶ್ವವಿದ್ಯಾಲಯ ಶುರುವಾದವು.

ಇಂಥ ಕಡೆಗಳಲ್ಲಿ ಕಲಿಸಿದ ಪಾಠದ ತಿರುಳು ಮುದಾರಬ ಎಂಬ ಪಾಲುದಾರಿಕೆ. ಒಬ್ಬ ಒಂದು ಲಕ್ಷ ರೂಪಾಯಿ ಹಾಕುತ್ತಾನೆ, ಇನ್ನೊಬ್ಬ ದುಡಿಯುತ್ತಾನೆ. ಲಾಭವನ್ನು, ಉದಾಹರಣೆಗೆ 60:40ರಂತೆ, ಮೊದಲೇ ಮಾತಾಡಿಕೊಂಡು ಹಂಚಿಕೊಳ್ಳುತ್ತಾರೆ. ನಷ್ಟವಾದರೆ ಹಣ ಹೋಗುವುದು ಹಣ ಹಾಕಿದವನದು. ದುಡಿದವನಿಗೆ ದುಡಿಮೆಯ ಫಲ ಇಲ್ಲ. ಸಿದ್ಧಾಂತಿಗಳು ಇಡೀ ಆರ್ಥಿಕತೆಯನ್ನು ಇದರ ಮೇಲೆ ಕಟ್ಟಲು ಹೊರಟಿದ್ದರು. ಬ್ಯಾಂಕುಗಳು ಹೆಚ್ಚಾಗಿ ಹಿಡಿದದ್ದು ಮುರಾಬಹವನ್ನು: ಬ್ಯಾಂಕು ಸರಕು ಕೊಂಡು, ತನ್ನ ಲಾಭ ಸೇರಿಸಿ, ಗಿರಾಕಿಗೆ ಕಂತಿನಲ್ಲಿ ಮಾರುತ್ತದೆ. ಕಂತಿನ ಲೆಕ್ಕ ನೋಡಿದವರಿಗೆ ಬಡ್ಡಿಸಾಲಕ್ಕಿಂತ ಅದು ಬಹಳ ಬೇರೆಯಾಗಿ ಕಾಣುವುದಿಲ್ಲ. ಅರ್ಥಶಾಸ್ತ್ರಜ್ಞ ತೈಮೂರ್ ಕುರಾನ್ 2004ರ ತಮ್ಮ ಪುಸ್ತಕದಲ್ಲಿ, ಈ ಶಾಸ್ತ್ರ ಹಳೆಯ ಪರಂಪರೆಯ ಮುಂದುವರಿಕೆಯಲ್ಲ, ಮುಸ್ಲಿಂ ಅಸ್ಮಿತೆಯ ಆಧುನಿಕ ನಿರ್ಮಿತಿ ಎಂದು ವಾದಿಸಿದರು. ಒಳಗಿನವರೇ ಆದ ಮುಹಮ್ಮದ್ ಅಕ್ರಮ್ ಖಾನ್ ಸಹ 2013ರಲ್ಲಿ ಅದರ ದೋಷಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು.

ಬ್ಯಾಂಕುಗಳು ಬೆಳೆದಂತೆ ಅರ್ಥಶಾಸ್ತ್ರದ ಜಾಗವನ್ನು ಬಹುಮಟ್ಟಿಗೆ ಹಣಕಾಸು ಶಾಸ್ತ್ರ ಆಕ್ರಮಿಸಿತು. ಬಡತನ, ಜಕಾತ್ ಕುರಿತ ಸಂಶೋಧನೆಗಿಂತ ಬ್ಯಾಂಕ್ ನೌಕರಿಗೆ ದಾರಿಮಾಡುವ ಪದವಿಗಳಿಗೇ ಬೇಡಿಕೆ. ಇಸ್ಲಾಮಿಕ್ ಹಣಕಾಸಿಗೆಂದೇ ಮೀಸಲಾದ ಕೌಲಾಲಂಪುರದ ವಿಶ್ವವಿದ್ಯಾಲಯ ಇನ್ಸೀಫ್ ಅನ್ನು 2005ರಲ್ಲಿ ಸ್ಥಾಪಿಸಿದ್ದು ಮಲೇಷ್ಯಾದ ಕೇಂದ್ರೀಯ ಬ್ಯಾಂಕು.