ಸಸೂನ್ ಡಾಕಿನಲ್ಲಿ ಕುಮಟಾ ಹತ್ತಿ

ಊರಿನಿಂದ ಬಂದ ಭಾವನಿಗೆ ಗೇಟ್‌ವೇ ತೋರಿಸಿದ್ದಾಯಿತು, ಜುಹೂ ತೋರಿಸಿದ್ದಾಯಿತು. "ಮೀನು ಇಳಿಯೋ ಬಂದರು ಎಲ್ಲಿದ್ಯೋ, ಅದನ್ನ ತೋರ್ಸು ಮಾರಾಯ" ಎಂದರು. ಡೊಂಬಿವಲಿಯಲ್ಲಿ ಇಪ್ಪತ್ತೆಂಟು ವರ್ಷ ಕಳೆದ ನಾನೂ ಸಸೂನ್ ಡಾಕ್ ನೋಡಿರಲಿಲ್ಲ.

ಮೊದಲ ಲೋಕಲ್ ಹಿಡಿದು ಹೋದೆವು. ಕೊಲಾಬಾದ ಗಡಿಯಾರ ಗೋಪುರದ ಬಾಗಿಲು ದಾಟುವಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಒಳಗೆ ಮಾತ್ರ ಜಾತ್ರೆ! ಟ್ರಾಲರುಗಳಿಂದ ಬುಟ್ಟಿಗಳು ಕೈಯಿಂದ ಕೈಗೆ ಹಾರುತ್ತಿದ್ದವು. ಹರಾಜಿನ ಕೂಗು, ಐಸಿನ ನೀರು, ಗುಡ್ಡೆಗುಡ್ಡೆ ಸಿಗಡಿಯ ಸುತ್ತ ಕುಕ್ಕರುಗಾಲಲ್ಲಿ ಕೂತು ಸಿಪ್ಪೆ ಸುಲಿಯುವ ಹೆಂಗಸರು. "ನಮ್ ಶೆಟ್ಲಿನೇ" ಎಂದು ಭಾವ ಖುಷಿಪಟ್ಟರು.

ಈ ಡಾಕ್ ಕಟ್ಟಿದ್ದು ಮೀನಿಗಲ್ಲ, ಹತ್ತಿಗೆ. ಬಾಗ್ದಾದಿನಿಂದ ಬಂದ ಯಹೂದಿ ವ್ಯಾಪಾರಿ ಡೇವಿಡ್ ಸಸೂನರ ಮಗ ಆಲ್ಬರ್ಟ್ ಅಬ್ದುಲ್ಲಾ ಸಸೂನ್ 1875ರಲ್ಲಿ ಸಮುದ್ರಕ್ಕೆ ಮಣ್ಣು ತುಂಬಿದ ಜಾಗದಲ್ಲಿ ಕಟ್ಟಿಸಿದರು. ಅದಕ್ಕೆ ಮೊದಲೇ, 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ನಿಂತು ಮುಂಬಯಿ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಆಗ ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದು, ಪತ್ತೇಮಾರಿ ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಲಿವರ್‌ಪೂಲ್ ಪೇಟೆಯಲ್ಲಿ ಅದಕ್ಕೆ 'ಕುಮಟಾ' ಎಂದೇ ಹೆಸರು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯೇ ಇತ್ತು. ನಮ್ಮ ಮುತ್ತಜ್ಜನ ಅಪ್ಪ ಕುಮಟೆ ಬಂದರಿನಲ್ಲಿ ಅಂಡಿಗೆಗಳ ಲೆಕ್ಕ ಬರೆಯುತ್ತಿದ್ದರಂತೆ.

1880ರ ದಶಕದ ಕೊನೆಗೆ ಮಾರ್ಮುಗೋವಾಕ್ಕೆ ರೈಲು ಬಂತು. ಹತ್ತಿ ಆ ದಾರಿ ಹಿಡಿಯಿತು. ಕುಮಟೆಯ ವಖಾರಿಗಳು ಖಾಲಿಯಾದವು. ಸಸೂನ್ ಡಾಕನ್ನು 1879ರಲ್ಲೇ ಸರಕಾರ ಕೊಂಡಿತ್ತು. ಇಲ್ಲಿಯ ಹತ್ತಿಯೂ ಹೋಯಿತು, ಕೋಲಿ ಜನರ ದೋಣಿಗಳು ಉಳಿದವು.

ಇದನ್ನೆಲ್ಲ ಹೇಳಿದಾಗ ಭಾವ, "ಹಂಗಾರೆ ಬಂದರು ಸತ್ತಿದ್ದಕ್ಕೇ ನೀವೆಲ್ಲ ಮುಂಬೈಗೆ ಬಂದಿದ್ದಾ?" ಎಂದರು. ಹೌದು ಎನ್ನಲು ಬಾಯಿ ತೆರೆದೆ. ಇಷ್ಟು ವರ್ಷ ಕೇಳಿದವರಿಗೆಲ್ಲ ಹಾಗೇ ಹೇಳಿದ್ದೆ. ಆದರೆ ಕುಮಟೆಯಲ್ಲೂ ಮೀನಿನವರು ಬಂದರು ಬಿಟ್ಟಿಲ್ಲವಲ್ಲ! ಬಿಟ್ಟು ಬಂದವರು ನಾವು, ಲೆಕ್ಕ ಬರೆಯುವವರು.

"ಎಲ್ಲಿಯವರು?" ಎಂದು ಮರಾಠಿಯಲ್ಲಿ ಕೇಳಿದಳು ಬಂಗಡೆ ಮಾರುತ್ತಿದ್ದ ಕೋಲಿ ಹೆಂಗಸು.

"ಡೊಂಬಿವಲಿ" ಎಂದೆ ನಾನು.

"ಕುಮಟಾ" ಎಂದರು ಭಾವ, ಗಟ್ಟಿಯಾಗಿ.