ಸನದಿ ಮನೆತನದ ಹಿಂದಿನ ಹೊಲ

ಶೇತಸನದಿ

ಜಮಖಂಡಿ, ಚಿಮ್ಮಡದ ಸೀಮೆಯಲ್ಲಿ ‘ಸನದಿ’ ಎಂಬ ಅಡ್ಡಹೆಸರು ಕೇಳಿದರೆ ‘ಸನಾದಿ ಅಪ್ಪಣ್ಣ’ ಸಿನಿಮಾ ನೆನಪಾಗಿ, ಹಿರಿಯರು ಶಹನಾಯಿ ಊದುತ್ತಿದ್ದರೇನೋ ಅನ್ನಿಸುವುದು ಸಹಜ. ಆದರೆ ವಾದ್ಯದ ಹೆಸರು ಸನಾದಿ, ಅದರ ದೀರ್ಘವೂ ಬೇರೆ, ಮೂಲವೂ ಬೇರೆ. ಅಡ್ಡಹೆಸರಿನ ಮೂಲ ಸನದು, ಅರಬ್ಬಿಯಿಂದ ಬಂದ ಈ ಮಾತಿಗೆ ಹಕ್ಕುಪತ್ರ ಎಂದರ್ಥ. ಶೇತಸನದಿಯ ಶೇತ ಎಂದರೆ ಹೊಲ: ಸಂಸ್ಕೃತದ ಕ್ಷೇತ್ರ ಹಿಂದಿಯಲ್ಲಿ ಖೇತ್, ಮರಾಠಿಯಲ್ಲಿ ಶೇತ. ಸಂಬಳದ ಬದಲು ಹೊಲ ಉಂಡು, ಊರು ಕಾಯುತ್ತ, ಕರೆ ಬಂದಾಗ ದಂಡಿಗೆ ಹೋಗುತ್ತಿದ್ದವನೇ ಶೇತಸನದಿ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಇದೇ ಚಾಕರಿಯವನು. ಹಾಗಾದರೆ ಸನದಿಯವರೆಲ್ಲ ಸಿಪಾಯಿಗಳ ವಂಶವೇ? ಹಾಗೆನ್ನಲಾಗದು, ಗುಡಿ, ದರ್ಗಾಗಳ ಇನಾಮಿಗೂ ಸನದು ಸಿಗುತ್ತಿತ್ತು. ಅಡ್ಡಹೆಸರು ಸುಳಿವಷ್ಟೇ. ಹೊಲ ಯಾವ ಚಾಕರಿಗೆ ಬಂತೆಂದು ಇನಾಮಿನ ಕಾಗದವೇ ಹೇಳಬೇಕು. ಅದನ್ನು ಜಮಖಂಡಿಯವರು ಪಟವರ್ಧನರ, ಮುಧೋಳದವರು ಘೋರ್ಪಡೆಯವರ ಅಂದಿನ ಸಂಸ್ಥಾನದ ದಫ್ತರಗಳಲ್ಲಿ ಮೊದಲು ಹುಡುಕಬೇಕು.